ನಂಬರು ಕೊಡುತ್ತಿದ್ದ ಚಾಚಾ

ಸೊನ್ನೆಯ ಹೊಟ್ಟೆಗೆ ಗೆರೆ ಎಳೆಯದವರನ್ನು ಅವರು ನಂಬುತ್ತಿರಲಿಲ್ಲ. ದಾಂಡೇಲಿಯ ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ನಾನು ಕೆಲಸಕ್ಕೆ ಸೇರಿದ ದಿನ, ಬರೆದುಕೊಟ್ಟ ಮೊದಲ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬೇಟಿ, ಇದು ಸೊನ್ನಿ ಏನು, ಓ ಏನು?" ಎಂದು ಕೇಳಿದರು.

"ಸೊನ್ನೀರಿ."

"ಅದು ನಿನಗ ಗೊತ್ತು. ಚೀಟಿಗೆ ಗೊತ್ತೈತೇನು?"

ಆಮೇಲೆ ಜೇಬಿನಿಂದ ಪೆನ್ನು ತೆಗೆದು ಸೊನ್ನೆಗೊಂದು ಗೆರೆ, ಒಂದಕ್ಕೊಂದು ಟೋಪಿ, ಏಳಕ್ಕೊಂದು ನಡುಪಟ್ಟಿ ಹಾಕಿ ತೋರಿಸಿದರು. ಅವತ್ತು ಮನೆಗೆ ಹೋಗಿ ನಾನು ಅವ್ವನಿಗೆ ಹೇಳಿದೆ: "ಅಲ್ಲೊಬ್ಬರು ಅದಾರ, ಅಂಕಿಗೆ ಅರಿವಿ ತೊಡಸ್ತಾರ."

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆಯಲು ಒಪ್ಪಿಗೆ ಕೇಳಿದ್ದೆ. "ಆ ಹೆಸರಿನವರು ದಾಂಡೇಲ್ಯಾಗ ನಾಕ ಮಂದಿ ಅದೇವಿ. ನೀ ಬೈದು ಬರದ್ರ ಉಳಿದ ಮೂವರಿಗೆ ಬೇಜಾರಾಗ್ತೈತಿ, ಹೊಗಳಿ ಬರದ್ರ ನನಗ ಬೇಜಾರಾಗ್ತೈತಿ" ಎಂದರು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವ ಅಕ್ಕನವರೆಗೆ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದುದರಿಂದ ನಾನೂ ಅಷ್ಟಕ್ಕೇ ನಿಲ್ಲುತ್ತೇನೆ.

ಉದ್ದನೆಯ ತೆಳ್ಳನೆಯ ಮನುಷ್ಯ. ಕತ್ತರಿಸಿದ ಬಿಳಿ ಗಡ್ಡ, ಮೇಲಿನ ಗುಂಡಿಯವರೆಗೂ ಹಾಕಿದ ಅಂಗಿ. ಬಾಯಲ್ಲಿ ಸದಾ ಒಂದು ಲವಂಗ. ಸಿಟ್ಟು ಬಂದಾಗ ಕೂಗುತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒರೆಸುವುದು ಎಷ್ಟು ಹೊತ್ತು ನಡೆಯುತ್ತದೆ ಎಂಬುದರ ಮೇಲೆ ನಮ್ಮ ತಪ್ಪು ಎಷ್ಟು ದೊಡ್ಡದು ಎಂದು ನಾವು ಅಂದಾಜು ಮಾಡುತ್ತಿದ್ದೆವು.

ಆಸ್ಪತ್ರೆಗೆ ಬರುವ ಮೊದಲು ಅವರು ಹಳಿಯಾಳದಲ್ಲಿ ತಮ್ಮ ಅಣ್ಣನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕುಳಿತಿದ್ದರು. ನಂಬರಿನ ಹುಚ್ಚು ಹತ್ತಿದ್ದು ಅಲ್ಲಿ. ಒಮ್ಮೆ ಸಾಂಬ್ರಾಣಿಯ ರೈತರೊಬ್ಬರು ಬಂದು, "ಹಿಂದಿನ ಗಾಲ್ಯಾಗಿಂದು ಗುಂಡಂದು ಕೊಡ್ರಿ" ಎಂದು ಕೇಳಿದರಂತೆ. ಹಿಂದಿನ ಗಾಲಿಯಲ್ಲಿ ಗುಂಡಗಿರುವ ವಸ್ತುಗಳು ಹತ್ತಾರು. ಇವರು ಒಂದನ್ನು ಕೊಟ್ಟರು. ಆ ಮನುಷ್ಯ ಮಧ್ಯಾಹ್ನ ತಿರುಗಿ ಬಂದರು. ಇನ್ನೊಂದು ಕೊಟ್ಟರು. ಸಂಜೆ ಮತ್ತೆ ಬಂದರು. ಹೊಲದಲ್ಲಿ ಟ್ರ್ಯಾಕ್ಟರು ಅರ್ಧ ಉತ್ತು ನಿಂತಿತ್ತು. ಮರುದಿನ ಚಾಚಾ ತಾವೇ ಸಾಂಬ್ರಾಣಿಗೆ ಹೋಗಿ, ಗಾಲಿಯ ಕೆಳಗೆ ಮಲಗಿ, ಕೆಟ್ಟ ಭಾಗದ ಮೇಲೆ ಕೆತ್ತಿದ್ದ ನಂಬರನ್ನು ಮಣ್ಣು ಉಜ್ಜಿ ಓದಿಕೊಂಡು ಬಂದರು. "ರೈತ ಅದಕ್ಕ ಗುಂಡಂದು ಅಂತಾನ, ಮಿಸ್ತ್ರಿ ಕಿವಿ ಅಂತಾನ, ಕಂಪನಿ ಪುಸ್ತಕದಾಗ ಇಂಗ್ಲಿಷಿನ್ಯಾಗ ಮಾರುದ್ದ ಹೆಸರು. ಮೂರೂ ಖರೇನ. ಆದ್ರ ಡಬ್ಬಿ ತಗಿಯಾಕ ನಂಬರ ಬೇಕು" ಎನ್ನುತ್ತಿದ್ದರು.

ನಮ್ಮ ಆಸ್ಪತ್ರೆಗೆ ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಸಣ್ಣ ದವಾಖಾನೆಗಳಿವೆ. ನಾಲ್ಕೂ ಕಡೆಯ ರೋಗಿಗಳ ಕಾರ್ಡಿನ ನಂಬರು ಇವರ ಮೇಜಿನಿಂದಲೇ ಹುಟ್ಟಬೇಕು. ರೋಗಿಗಳಿಗೆ ಮಾತ್ರವಲ್ಲ, ಪ್ರತಿ ಫಾರ್ಮಿಗೆ, ಪ್ರತಿ ರಿಜಿಸ್ಟರಿಗೆ, ಪ್ರತಿ ಪರೀಕ್ಷೆಗೆ ಹೆಸರಿಡುವ ಹಕ್ಕೂ ಅವರದೇ. ಯಾರೂ ಕೊಟ್ಟ ಹಕ್ಕಲ್ಲ. ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವರ ಪಾಲಿಗೆ ಬಂದದ್ದು.

ನಾನು ಸೇರುವ ಹೊತ್ತಿಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಸಕ್ಕರೆ ಕಾಯಿಲೆಯ ಫಾರ್ಮುಗಳು ಐದಿದ್ದವು. ಒಂದರ ಹೆಸರು ಶುಗರ್. ಇನ್ನೊಂದು ಹೊಸ ಶುಗರ್. ಮತ್ತೊಂದು ಹೊಸ ಶುಗರ್ ಎರಡು. ನಾಲ್ಕನೆಯದು ಹೊಸ ಶುಗರ್ ಫೈನಲ್. ಐದನೆಯದನ್ನು ನಮ್ಮ ನರ್ಸ್ ಒಬ್ಬರು ಬೇಸತ್ತು ಹೊಸ ಶುಗರ್ ಫೈನಲ್ ಖರೇನ ಎಂದು ಹೆಸರಿಸಿದ್ದರು. ಚಾಚಾ ಕನ್ನಡಕವನ್ನು ಬಹಳ ಹೊತ್ತು ಒರೆಸಿದರು.

"ಹೊಸಾದು ಅಂತ ಹೆಸರಿಡಬ್ಯಾಡ್ರಿ. ಹೊಸಾದು ಎಷ್ಟ ದಿನ ಹೊಸಾದು ಇರ್ತೈತಿ? ನಮ್ಮ ಹೊಸಾ ಬಿಲ್ಡಿಂಗಿನ ಛತ್ತು ಸೋರಾಕತ್ತು ಮೂರ ಮಳಿಗಾಲ ಆತು."

ಆ ಐದು ಫಾರ್ಮುಗಳಲ್ಲಿ ನಾಲ್ಕನ್ನು ಮುಚ್ಚಿಸಿದರು. ಆದರೆ ಅಳಿಸಲಿಲ್ಲ. ಮುಚ್ಚಿದ ಫಾರ್ಮಿನ ನಂಬರನ್ನು ಇನ್ನೊಂದಕ್ಕೆ ಕೊಡಲೂ ಬಿಡಲಿಲ್ಲ. ಯಾಕೆ ಎಂದು ಕೇಳಿದಾಗ, "ಹಳೇ ಫೈಲ್‌ನ್ಯಾಗ ಆ ನಂಬರ ಕುಂತೈತಿ. ನಾಳೆ ಯಾರರೆ ತಗದು ನೋಡಿದಾಗ ಶುಗರ್ ಬದಲಿ ಕಣ್ಣಿನ ಪರೀಕ್ಷಾ ತೋರಿಸಿದ್ರ ಏನ ಮಾಡ್ತಿ?" ಎಂದರು. ನಿಯಮಗಳನ್ನು ಹೇಳುವಾಗ ಅವರು ಮುಂದೆ ಬರಬಹುದಾದ ಒಬ್ಬ ಅಪರಿಚಿತನನ್ನು ಯಾವಾಗಲೂ ಮನಸ್ಸಿನಲ್ಲಿಟ್ಟುಕೊಂಡಿರುತ್ತಿದ್ದರು. ಆ ಅಪರಿಚಿತನಿಗೆ ಏನೂ ಗೊತ್ತಿಲ್ಲ, ಕೇಳಲು ನಾವು ಯಾರೂ ಅಲ್ಲಿಲ್ಲ. ಅವನು ಎಡವಬಾರದು. ಅಷ್ಟೇ.

ಈ ಶಿಸ್ತು ಮನೆಯಲ್ಲಿ ನಡೆಯಲಿಲ್ಲ. ಒಂದು ರಂಜಾನ್ ಹಬ್ಬಕ್ಕೆ ನಾವೆಲ್ಲ ಶಾವಿಗೆ ಹಾಲಿನ ಸುರಕುಂಬಾ ಕುಡಿಯಲು ಹೋದಾಗ ಚಾಚಿಯವರೇ ಆ ಕತೆ ಹೇಳಿದರು. ಚಾಚಾ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದರು. ಚಾಚಿ ಚೀಟಿಗಳನ್ನು ಕೀಳಲಿಲ್ಲ, ಓದಲೂ ಇಲ್ಲ. ತಮಗೆ ಬೇಕಾದದ್ದನ್ನು ಬೇಕಾದ ಡಬ್ಬಿಗೆ ತುಂಬುತ್ತಾ ಹೋದರು.

"ನಾ ಹುಬ್ಬಳ್ಳಿಗೆ ತಂಗಿ ಮನಿಗೆ ಹೋಗಿದ್ನಿ. ಇವರು ಚಾ ಮಾಡ್ಕೊಂಡಾರ. ಸಕ್ಕರಿ ಅಂತ ಬರದಿದ್ದ ಡಬ್ಬ್ಯಾಗ ಉಪ್ಪಿತ್ತು. ಹಾಕ್ಕೊಂಡಾರ. ಮ್ಯಾಲೆ ಅದನ್ನ ಪೂರಾ ಕುಡದಾರ!"

"ಯಾಕ ಕುಡದ್ರಿ ಚಾಚಾ?" ಎಂದೆವು.

"ಚೀಟ್ಯಾಗ ಸಕ್ಕರಿ ಅಂತಿತ್ತು" ಎಂದರು ಅವರು, ಮುಖ ಗಂಟಿಕ್ಕಿ.

"ಮುಚ್ಚಳ ನೆಗ್ಗಿದ್ದು ಉಪ್ಪಿನ ಡಬ್ಬಿ. ಇಷ್ಟ ವರ್ಷ ಈ ಮನ್ಯಾಗ ಉಂಡು ಅಷ್ಟೂ ಗೊತ್ತಿಲ್ಲ ಇವರಿಗೆ" ಎಂದು ಚಾಚಿ ನಕ್ಕರು.

"ನೆಗ್ಗಿದ್ದು ಬರವಣಿಗಿ ಅಲ್ಲ" ಎಂದು ಚಾಚಾ ಗೊಣಗಿದರು.

ಹೀಗಿರುವಾಗ ಆಸ್ಪತ್ರೆಯ ಎಲ್ಲ ದಾಖಲೆಗಳನ್ನೂ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಬಂತು. ಅದಕ್ಕಾಗಿ ಹುಬ್ಬಳ್ಳಿಯಿಂದ ಶ್ರೇಯಾ ಎಂಬ ಎಂಜಿನಿಯರ್ ಬಂದರು. ಮೂವತ್ತರ ಒಳಗಿನ, ಮಾತು ಕಡಿಮೆಯ ಹೆಣ್ಣುಮಗಳು. ಯಾವ ಆಸ್ಪತ್ರೆಯ ಕಂಪ್ಯೂಟರಾದರೂ ಇನ್ನೊಂದು ಆಸ್ಪತ್ರೆಯ ದಾಖಲೆಯನ್ನು ಓದಿ ತಿಳಿಯಬೇಕಾದರೆ ಪ್ರತಿಯೊಂದನ್ನೂ ಹೇಗೆ ಹೆಸರಿಸಬೇಕು, ಹೇಗೆ ಗುರುತಿಸಬೇಕು ಎಂಬ ನಿಯಮಗಳ ಕಟ್ಟು ಅವರ ಬಳಿ ಇತ್ತು. ಚಾಚಾ ಅವರೊಂದಿಗೆ ಜಗಳ ತೆಗೆಯುತ್ತಾರೆ ಎಂದು ಇಡೀ ಆಸ್ಪತ್ರೆ ಕಾದಿತ್ತು. ಮ್ಯಾನೇಜರರಂತೂ ಶ್ರೇಯಾ ಅವರಿಗೆ ಮೊದಲೇ ಕಿವಿಮಾತು ಹೇಳಿದ್ದರು: "ಅಲ್ಲೊಬ್ಬರು ಹಳೇ ಮನಿಷ್ಯಾ ಅದಾರ, ಸ್ವಲ್ಪ ಸಂಭಾಳಿಸ್ರಿ."

ಶ್ರೇಯಾ ರೆಕಾರ್ಡ್ ರೂಮಿಗೆ ಬಂದು ಸ್ಟೂಲಿನ ಮೇಲೆ ಕುಳಿತು, ಸಂಕೋಚದಿಂದಲೇ ಶುರು ಮಾಡಿದರು. "ಪ್ರತಿ ಫಾರ್ಮಿಗೂ ಮೂರು ಬೇಕಾಗ್ತಾವ್ರಿ. ಒಂದು ಐಡಿ. ಅದರಾಗ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಚುಕ್ಕಿ ಬಿಟ್ಟು ಮತ್ತೇನೂ ಇರಬಾರದು. ಅರವತ್ನಾಲ್ಕು ಅಕ್ಷರಕ್ಕಿಂತ ಉದ್ದ ಆಗಬಾರದು. ಎರಡನೇದು ಕಂಪ್ಯೂಟರಿಗೆ ಹೆಸರು. ದೊಡ್ಡಕ್ಷರದಿಂದ ಶುರು ಆಗಬೇಕು, ನಡುವ ಜಾಗ ಬಿಡಬಾರದು. ಮೂರನೇದು ಮನುಷ್ಯರು ಓದೂ ಹೆಸರು, ಅದು ಹೆಂಗರೆ ಇರ್ಲಿ."

ಚಾಚಾ ಲವಂಗ ಅಗಿಯುವುದನ್ನು ನಿಲ್ಲಿಸಿದರು. "ಒಮ್ಮಿ ಕೊಟ್ಟ ಐಡಿ ಬದಲಿ ಮಾಡಬಹುದೇನು?"

"ಒಮ್ಮೆ ಹೊರಗ ಹೋದ ಮ್ಯಾಲೆ ಬದಲಿ ಮಾಡಂಗಿಲ್ರಿ."

"ಮುಚ್ಚಿದ್ದನ್ನ ಮತ್ತೊಂದಕ್ಕ ಕೊಡಬಹುದೇನು?"

"ಕೊಡಂಗಿಲ್ರಿ."

ಚಾಚಾ ನನ್ನ ಕಡೆ ತಿರುಗಿದರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ಅದಕ್ಕೂ ಮೊದಲು ನೋಡಿರಲಿಲ್ಲ. "ಬೇಟಿ, ಮೇಡಂಗೆ ಚಾ ಹೇಳು. ಬಿಸ್ಕೀಟೂ ತರಿಸು." ಇಷ್ಟು ವರ್ಷ ಒಬ್ಬರೇ ಹಿಡಿದುಕೊಂಡು ಕುಳಿತಿದ್ದ ಹಟ ಪ್ರಪಂಚದ ಇನ್ನಾವುದೋ ಮೂಲೆಯಲ್ಲಿ ನಿಯಮವಾಗಿದೆ ಎಂದು ತಿಳಿದ ಮನುಷ್ಯನ ಸಂತೋಷ ಅದು. ನಿಯಮಗಳ ಕಟ್ಟನ್ನು ಮನೆಗೆ ಒಯ್ದು, ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಓದಿಕೊಂಡು ಬಂದರು. ಇಂಗ್ಲಿಷ್ ತಡವರಿಸಿದಲ್ಲಿ ಮಗಳನ್ನು ಕೇಳಿದರಂತೆ.

ಒಂದೇ ಒಂದು ಕಡೆ ನೋವಾಯಿತು. ಅವರ ಕಾರ್ಡಿನ ನಂಬರುಗಳಲ್ಲೆಲ್ಲ ಓಬ್ಲಿಕ್ ಎಂಬ ಓರೆ ಗೆರೆ ಇತ್ತು. ಆ ಗೆರೆಯನ್ನು ಎಳೆಯುವಾಗ ಅವರ ಕೈಯಲ್ಲೊಂದು ಒಯ್ಯಾರವಿತ್ತು. ಐಡಿಯಲ್ಲಿ ಓಬ್ಲಿಕ್ಕಿಗೆ ಜಾಗವಿಲ್ಲ ಎಂದು ತಿಳಿದ ದಿನ ಊಟದ ಡಬ್ಬಿಯನ್ನು ಹಾಗೇ ತಿರುಗಿ ಒಯ್ದರು. ಮರುದಿನ ಶ್ರೇಯಾ ಸಮಾಧಾನ ಹೇಳಿದರು. ಕಂಪ್ಯೂಟರಿನ ಒಳಗಿನ ಐಡಿ ಬೇರೆ, ಜನ ಜೇಬಿನಲ್ಲಿಟ್ಟುಕೊಂಡು ತಿರುಗುವ ನಂಬರು ಬೇರೆ. ಆ ನಂಬರಿಗೆ ಪ್ರತ್ಯೇಕ ಖಾನೆ ಇದೆ, ಅಲ್ಲಿ ಓಬ್ಲಿಕ್ ಇರಬಹುದು. "ಹಂಗಾರ ಅದು ಸತ್ತಿಲ್ಲ" ಎಂದರು ಚಾಚಾ.

ಮುಂಡಗೋಡದ ಕೆಲಸಕ್ಕೆ ನಾವು ಮೂವರೂ ಹೋದೆವು. ಟಿಬೆಟನ್ ಕಾಲೊನಿಯಿಂದ ಬರುವವರ ದಾಖಲೆಗಳೆಲ್ಲ ಗೊಂದಲವಾಗಿದ್ದವು. ಹಳೆಯ ಕಂಪ್ಯೂಟರು ಅಡ್ಡಹೆಸರಿಲ್ಲದೆ ಮುಂದಕ್ಕೆ ಹೋಗುತ್ತಿರಲಿಲ್ಲ; ಅವರಲ್ಲಿ ಬಹಳ ಮಂದಿಗೆ ಅಡ್ಡಹೆಸರೇ ಇಲ್ಲ. ಅಲ್ಲಿನ ಕೌಂಟರಿನವರು ಎಲ್ಲರಿಗೂ ಲಾಮಾ ಎಂದು ಹಾಕಿ ಕೈತೊಳೆದುಕೊಂಡಿದ್ದರು. ಬೇಕರಿ ನಡೆಸುವ ಹೆಂಗಸೂ ಲಾಮಾ, ಅವರ ಆರು ತಿಂಗಳ ಕೂಸೂ ಲಾಮಾ. ಚಾಚಾ ಒಬ್ಬ ವೃದ್ಧ ಸನ್ಯಾಸಿಯ ಎದುರು ಕುಳಿತು ಕೇಳಿದರು: "ನಿಮ್ಮ ಪೂರಾ ಹೆಸರು ಹೇಳ್ರಿ."

ಸನ್ಯಾಸಿ ನಕ್ಕರು. ಮೆಕ್ಕೆಜೋಳದ ವ್ಯಾಪಾರಿಗಳಿಂದ ಕಲಿತ ಕನ್ನಡ ಅವರದು. "ಹುಟ್ಟಿದಾಗ ಒಂದಿತ್ತು. ಮಠ ಸೇರಿದಾಗ ಗುರು ಮತ್ತೊಂದು ಕೊಟ್ರು. ಆಮೇಲೆ ಜಡ್ಡು ಬಿದ್ದೆ, ಭಾಳ ಜಡ್ಡು. ಹೆಸರು ಬದಲಿ ಮಾಡ್ರಿ, ಆರಾಮ ಆಗ್ತೈತಿ ಅಂದ್ರು. ಮಾಡಿದೆ. ಆರಾಮ ಆತು."

"ಅಂದ್ರ ಈಗ ನೀವು ಯಾರು?"

"ನಾನ ಅದೇನಿ" ಎಂದರು ಸನ್ಯಾಸಿ, ಎದೆ ಮುಟ್ಟಿ.

ಚಾಚಾ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಶ್ರೇಯಾ ಅವರಿಗೆ ಹೇಳಿದರು, ಅಡ್ಡಹೆಸರಿನ ಕಡ್ಡಾಯ ತೆಗೆಯಿರಿ, ಹಿಂದಿನ ಹೆಸರುಗಳಿಗೆ ಎಷ್ಟು ಬೇಕೋ ಅಷ್ಟು ಜಾಗ ಕೊಡಿ. ಹೊರಡುವ ಮುಂಚೆ ಸನ್ಯಾಸಿ ಬೆಣ್ಣೆ ಹಾಕಿದ ಉಪ್ಪಿನ ಚಹಾ ಕುಡಿಸಿದರು. ನಾನು ಎರಡನೇ ಗುಟುಕಿಗೆ ಸೋತೆ. ಚಾಚಾ ಕಣ್ಣು ಮಿಟುಕಿಸದೆ ಬಟ್ಟಲು ಖಾಲಿ ಮಾಡಿದರು. ವ್ಯಾನ್ ಹತ್ತುವಾಗ ಹೇಗೆ ಕುಡಿದಿರಿ ಎಂದು ಕೇಳಿದರೆ, "ಮನ್ಯಾಗ ರೂಢಿ ಆಗೇತಿ" ಎಂದರು.

ಇದೆಲ್ಲ ನಗುವಿನ ಮಾತಾಯಿತು. ಆದರೆ ಚಾಚಾ ಎಂದರೆ ನನಗೆ ಮೊದಲು ನೆನಪಾಗುವುದು ಕೋಗಿಲಬನಕ್ಕೆ ಹೋದ ಮಂಗಳವಾರ.

ನಮ್ಮ ಕಡೆಯ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲವೆಂದರೆ ಮಾಸ್ತರರು ಅದನ್ನೇ ಬರೆದುಬಿಡುತ್ತಿದ್ದರು. ಒಂದೇ ಊರು, ಒಂದೇ ಹೆಸರು, ಒಂದೇ ವರ್ಷದ ಜೂನ್ ಒಂದು: ಇಂಥವರನ್ನು ಬೇರೆ ಮಾಡುವುದು ಚಾಚಾ ಅವರ ಪಾಲಿಗೆ ದಿನನಿತ್ಯದ ಚದುರಂಗ. "ಒಬ್ರಿಗೆ ಒಂದ ನಂಬರ, ಒಂದ ನಂಬರಿಗೆ ಒಬ್ರು" ಎಂಬುದು ಅವರ ಮಂತ್ರ. ಒಬ್ಬರೇ ಎರಡು ಕಾರ್ಡು ಮಾಡಿಸಿಕೊಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾರ್ಡು ಕಳೆದುಕೊಂಡು ಹೊಸದು ಕೇಳಲು ಬಂದವರನ್ನು ಸರಿಯಾಗಿ ಬೈದು ಹಳೆಯ ನಂಬರನ್ನೇ ಬರೆದುಕೊಡುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಶ್ರೇಯಾ ತಮ್ಮ ಪರೀಕ್ಷೆ ಓಡಿಸಿದ್ದರು. ದಾಖಲೆಗಳು ಹೊಸ ವ್ಯವಸ್ಥೆಗೆ ಹೋಗುವ ಮುಂಚೆ ಒಂದಕ್ಕೊಂದು ಹೊಂದದ ಸಂಗತಿಗಳಿದ್ದರೆ ಅದು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಕೋಗಿಲಬನದ ರೇಣುಕಾ ಎಂಬ ಒಬ್ಬ ರೋಗಿಗೆ ಎರಡು ರಕ್ತದ ಗುಂಪು ಇದ್ದವು. ಒಮ್ಮೆ ಬಿ, ಇನ್ನೊಮ್ಮೆ ಓ.

"ಲ್ಯಾಬಿನವರು ಎಡವ್ಯಾರ" ಎಂದರು ಮ್ಯಾನೇಜರ್. ಲ್ಯಾಬಿನವರು ತಮ್ಮ ಪುಸ್ತಕ ತಂದು ತೋರಿಸಿದರು. ಎರಡು ಸಲವೂ ಇಬ್ಬಿಬ್ಬರು ನೋಡಿ ಸಹಿ ಹಾಕಿದ್ದರು. ನಾನು ರೇಣುಕಾ ಅವರ ದಪ್ಪ ಫೈಲನ್ನು ಕಪಾಟಿನಿಂದ ತಂದೆ. ಚಾಚಾ ಹಾಳೆ ತಿರುವುತ್ತಾ ಹೋದರು. ಒಂದು ಕಡೆ ಕೆಂಪು ಶಾಯಿಯಲ್ಲಿ, ಪೆನ್ಸಿಲಿನ್ ಆಗುವುದಿಲ್ಲ ಎಂದು ದೊಡ್ಡದಾಗಿ ಬರೆದಿತ್ತು. ಕೆಲವು ಹಾಳೆಗಳ ನಂತರ ಇನ್ನೊಬ್ಬ ಡಾಕ್ಟರು, ಪೆನ್ಸಿಲಿನ್ ಕೊಡಲಾಗಿದೆ, ಏನೂ ತೊಂದರೆಯಾಗಿಲ್ಲ ಎಂದು ಬರೆದು, ಹಿಂದಿನ ಎಚ್ಚರಿಕೆಯನ್ನು ಹೊಡೆದುಹಾಕಿದ್ದರು. ಈ ನಡುವೆ ಶ್ರೇಯಾ ಕಂಪ್ಯೂಟರ್ ನೋಡಿ ಹೇಳಿದರು: "ಚಾಚಾ, ಇವರದು ಗುರುವಾರ ಪಿತ್ತಕೋಶದ ಆಪರೇಶನ್ ಐತ್ರಿ."

ಚಾಚಾ ಏಣಿ ಹತ್ತಿ ಹಳೆಯ ಕೌಂಟರ್ ರಿಜಿಸ್ಟರುಗಳನ್ನು ಇಳಿಸಿದರು. ಆರು ವರ್ಷ ಹಿಂದಿನದೊಂದು ಪುಟದಲ್ಲಿ ಅವರ ಬೆರಳು ನಿಂತಿತು. ಗೆರೆ ಎಳೆದ ಸೊನ್ನೆಗಳು, ಟೋಪಿ ಹಾಕಿದ ಒಂದುಗಳು. ಅವರದೇ ಅಕ್ಷರ. ರೇಣುಕಾ, ಕೋಗಿಲಬನ. ಹೊಸ ಕಾರ್ಡ್ ಕೇಳಿದರು. ಹಳೆಯದು ಇದೆ. ಕೊಟ್ಟಿಲ್ಲ.

ನಾನು ಅವರು ಕನ್ನಡಕ ಒರೆಸುತ್ತಾರೆ ಎಂದುಕೊಂಡೆ. ಒರೆಸಲಿಲ್ಲ. ರಿಜಿಸ್ಟರು ಮುಚ್ಚಿ, "ಕೋಗಿಲಬನಕ್ಕ ಹೋಗೂಣು ಬಾ" ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡರು.

ಊರ ಬಾಯಿಯ ಅಂಗಡಿಯಲ್ಲಿ ರೇಣುಕಾ ಅವರ ಮನೆ ಯಾವುದೆಂದು ಕೇಳಿದೆವು. ಅಂಗಡಿಯವರು ತಲೆ ಎತ್ತದೆಯೇ, "ಯಾವ ರೇಣುಕಾರೀ? ಹೊಳಿ ರೇಣುಕಾನೋ, ಟಾಕಿ ರೇಣುಕಾನೋ?" ಎಂದರು.

ಚಾಚಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ಇಬ್ಬರೂ" ಎಂದರು.

ಇಬ್ಬರೂ ಒಂದೇ ಕಡೆ ಸಿಕ್ಕರು. ಕಾಳಿ ಹೊಳೆಯ ಬದಿಯ ಮನೆಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಒಬ್ಬರು ಹೊಳೆಯ ಹತ್ತಿರದ ಮನೆಯವರು, ಇನ್ನೊಬ್ಬರು ನೀರಿನ ಟಾಕಿಯ ಹತ್ತಿರದವರು. ಇಬ್ಬರಿಗೂ ನಲವತ್ತರ ಆಸುಪಾಸು.

"ನೀವಿಬ್ರೂ ಒಂದ ಕಾರ್ಡ್ ತೋರಸ್ತೀರೇನವಾ?" ಎಂದು ಚಾಚಾ ಮೆಲ್ಲಗೆ ಕೇಳಿದರು.

ಚಾಚಾ ಅವರ ಗುರುತು ಹಿಡಿದ ಟಾಕಿ ರೇಣುಕಾ ಮೊರ ಕೆಳಗಿಟ್ಟರು. "ಹೌದ್ರಿ. ಮತ್ತೇನ ಮಾಡೂದು? ನಂಗೊಂದು ಕಾರ್ಡ್ ಕೊಡ್ರಿ ಅಂತ ಬಂದಿದ್ನಿ. ನೀವ ಕೌಂಟರಿನ್ಯಾಗ ಕುಂತಿದ್ರಿ. ನಿಂದ ಐತಿ, ಮತ್ತೊಂದ ಯಾಕ ಬೇಕು ಅಂದ್ರಿ. ಅಲ್ರೀ ಅದು ಅಕೀದು ಅಂತ ಹೇಳಾಕ ಬಾಯಿ ತಗದ್ನಿ. ಒಬ್ರಿಗೆ ಒಂದ ನಂಬರ ಅಂತ ಬೈದು ಹಿಂದಿನವರನ್ನ ಕರದ್ರಿ."

"ಮನಿಗೆ ಬಂದು ಅಳಾಕತ್ತಿದ್ಲ್ರಿ" ಎಂದು ಹೊಳಿ ರೇಣುಕಾ ಸೇರಿಸಿದರು. "ಹೋಗ್ಲಿ ಬಿಡ, ನಂದ ಒಯ್ಯಿ ಅಂದ್ನಿ. ಹೆಸರೂ ಒಂದ, ಊರೂ ಒಂದ. ಯಾರೂ ಕೇಳಲಿಲ್ಲ."

"ಪೆನ್ಸಿಲಿನ್ ಸೂಜಿ ಯಾರಿಗೆ ಆಗಂಗಿಲ್ಲ?"

"ನನಗ್ರೀ" ಎಂದರು ಹೊಳಿ ರೇಣುಕಾ. "ಮಾರಿ ಬಾತು, ಉಸಿರ ಹಿಡದಂಗ ಆಗಿತ್ತು. ಫೈಲಿನ್ಯಾಗ ಬರದಾರಲ್ರಿ, ಕೆಂಪು ಮಸೀಲೆ."

"ಗುರುವಾರ ಆಪರೇಶನ್ ಯಾರದು?"

"ನಂದ. ನಾಳೆ ಬಂದು ಅಡ್ಮಿಟ್ ಆಗ್ತೇನಿ" ಎಂದರು ಅವರೇ.

ಚಾಚಾ ಕಟ್ಟೆಯ ತುದಿಗೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಿಂತು, ಟಾಕಿ ರೇಣುಕಾ ಅವರ ಎದುರು ಕೈ ಜೋಡಿಸಿದರು. "ತಪ್ಪು ನಂದವಾ. ನೀ ಹೇಳಾಕ ಬಂದಿದ್ದಿ. ನಾ ಕೇಳಲಿಲ್ಲ."

ತಂದೆಯ ವಯಸ್ಸಿನ ಮನುಷ್ಯ ಕೈ ಮುಗಿದದ್ದನ್ನು ಕಂಡು ಆ ಹೆಣ್ಣುಮಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಅಯ್ಯ, ಹೋಗ್ಲಿ ಬಿಡ್ರಿ. ಚಾ ಕುಡೀರಿ" ಎಂದು ಒಳಗೆ ಓಡಿದರು. ಚಹಾ ತಂದಾಗ ಧೈರ್ಯ ಮರಳಿತ್ತು. "ಈಗರೆ ನಂಬರ ಕೊಡ್ತೀರಿಲ್ರಿ? ಅಕೀದರ ಮಗ್ಗಲಿಂದ ಕೊಡ್ರಿ, ಜೋಡಿ ಇರ್ತೈತಿ."

"ಅದೊಂದು ಆಗಂಗಿಲ್ಲವಾ" ಎಂದರು ಚಾಚಾ, ಆ ಸ್ಥಿತಿಯಲ್ಲೂ. "ಸಾಲಿನ್ಯಾಗ ಯಾವುದು ಬರ್ತೈತಿ ಅದ."

ಆಸ್ಪತ್ರೆಗೆ ಮರಳಿ ಅವರು ಮೊದಲು ಹೋದದ್ದು ಸರ್ಜನ್ ಹತ್ತಿರ. ಫೈಲಿನ ಮುಖಪುಟದ ಮೇಲೆ ಕೆಂಪು ಎಚ್ಚರಿಕೆಯನ್ನು ಮತ್ತೆ ಬರೆಸಿ, ಕಂಪ್ಯೂಟರಿನಲ್ಲೂ ಹಾಕಿಸಿ, ಸರ್ಜನ್ ಎರಡನ್ನೂ ಓದಿದರೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕುಳಿತರು. ಮರುದಿನ ಇಬ್ಬರು ರೇಣುಕಾರನ್ನೂ ರೆಕಾರ್ಡ್ ರೂಮಿನಲ್ಲಿ ಎದುರು ಬದುರು ಕೂರಿಸಿ, ಒಂದು ಫೈಲನ್ನು ಎರಡು ಮಾಡುವ ಕೆಲಸ ನಡೆಯಿತು. ಒಂದೊಂದು ಹಾಳೆ ತೆಗೆದು ನಾನು ಓದುವುದು, ಅವರು ಪಾಲು ಮಾಡಿಕೊಳ್ಳುವುದು.

"ಶ್ರಾವಣದಾಗ ಜ್ವರ, ಮೂರು ದಿನ."

"ನಂದು."

"ಕಾಲಿಗೆ ಮುಳ್ಳು ಚುಚ್ಚಿ ಬಾವು."

"ನಂದ್ರಿ."

"ವಾಂತಿ, ಭೇದಿ. ಲಗ್ನದ ಊಟದ ಮರುದಿನ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ, "ಅಕೀದು" ಎಂದರು. ಚಾಚಾ ಎರಡು ದಿನಗಳಲ್ಲಿ ಮೊದಲ ಸಲ ನಕ್ಕರು. ಲ್ಯಾಬಿನ ಪುಸ್ತಕ, ತೂಕದ ಚೀಟಿ, ಡಾಕ್ಟರ ಅಕ್ಷರ ಎಲ್ಲ ತಾಳೆ ಹಾಕಿ ಸಂಜೆಗೆ ಫೈಲು ಎರಡಾಯಿತು. ಯಾರದೆಂದು ತೀರ್ಮಾನವಾಗದ ಹಾಳೆಗಳನ್ನು ಚಾಚಾ ಊಹಿಸಿ ಹಂಚಲು ಒಪ್ಪಲಿಲ್ಲ. ತಿಳಿಯದು ಎಂದು ಬರೆಸಿ ಬೇರೆಯೇ ಇಡಿಸಿದರು. ಆ ಭೇದಿ ಇಂದಿಗೂ ಅಲ್ಲಿದೆ.

ಗುರುವಾರದ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಚಾಚಾ ಮಧ್ಯಾಹ್ನದವರೆಗೂ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ, ಟಾಕಿ ರೇಣುಕಾ ಅವರ ಪಕ್ಕದಲ್ಲಿ ಕುಳಿತಿದ್ದರು.

ಈ ಪ್ರಕರಣವನ್ನು ತಪ್ಪುಗಳ ಪುಸ್ತಕದಲ್ಲಿ ದಾಖಲಿಸಬೇಕಿತ್ತು. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ, "ಕಂಪ್ಯೂಟರ್ ದೋಷ ಅಂತ ಬರೀರಿ ಚಾಚಾ, ಮುಗದಹೋಗ್ತೈತಿ" ಎಂದರು.

"ಕಂಪ್ಯೂಟರ ಪಾಪ ಏನ ಮಾಡೇತ್ರಿ? ಅದ ಹೇಳ್ತು. ಕೇಳದವ ನಾನು" ಎಂದು ಚಾಚಾ ತಮ್ಮ ಹೆಸರನ್ನೇ ಬರೆದರು. ಮೇಲಿನವರಿಂದ ಅವರಿಗೊಂದು ಮೆಮೊ ಬಂತು. ಅದಕ್ಕೆ ನಿಯಮದ ಪ್ರಕಾರ ನಂಬರು ಹಾಕಿ, ತಮ್ಮ ಫೈಲಿನಲ್ಲಿ ತಾವೇ ಸರಿಯಾದ ಜಾಗಕ್ಕೆ ಸೇರಿಸಿದರು.

ಶ್ರೇಯಾ ಕೆಲಸ ಮುಗಿಸಿ ಹುಬ್ಬಳ್ಳಿಗೆ ಹೊರಡುವ ದಿನ ಚಾಚಾ ಒಂದು ಚೀಟಿ ಕೊಟ್ಟರು. ರೋಗಿಯ ನೋಂದಣಿಯ ವಿವರಣೆಯ ಜಾಗದಲ್ಲಿ ಅದನ್ನು ಸೇರಿಸಬೇಕಿತ್ತು. ಹೆಸರು, ಊರು, ಹುಟ್ಟಿದ ದಿನ ಒಂದೇ ಇದ್ದರೂ ಬೇರೆ ವ್ಯಕ್ತಿ ಇರಬಹುದು, ಎದುರಿನವರು ಮಾತು ಮುಗಿಸಲಿ, ಎಂದಿತ್ತು. "ಉದ್ದ ಆತೇನ್ರಿ?" ಎಂದು ಕೇಳಿದರು. ವಿವರಣೆಗೆ ಅರವತ್ನಾಲ್ಕರ ಮಿತಿ ಇಲ್ಲ ಎಂದು ಶ್ರೇಯಾ ಹೇಳಿದಾಗ, "ಛಲೋ ಆತು" ಎಂದರು. ಈಗಲೂ ನಾಲ್ಕೂ ಕಡೆ ಕೌಂಟರಿನವರು ಹೊಸ ಕಾರ್ಡು ತೆರೆದರೆ ಆ ಸಾಲು ಕಾಣಿಸುತ್ತದೆ. ಯಾರು ಬರೆದದ್ದೆಂದು ಹೊಸಬರಿಗೆ ಗೊತ್ತಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಬೀಳ್ಕೊಡುಗೆಯ ದಿನ ಭಾಷಣ ಮಾಡಿ ಎಂದರೆ, ಕಪಾಟುಗಳ ಕೀಲಿಗಳನ್ನು ಒಂದೊಂದಾಗಿ ನನ್ನ ಕೈಗಿಟ್ಟು ಯಾವುದು ಯಾವುದಕ್ಕೆ ಎಂದು ಹೇಳಿ ಕುಳಿತರು. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ.

ಈ ವರ್ಷ ಅ‌ವರ ಮಗಳಿಗೆ ನಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಹೆಸರಿಡುವವರೆಗೆ ಮಗುವಿನ ದಾಖಲೆಯಲ್ಲಿ ಇಂಥವರ ಕೂಸು ಎಂದಷ್ಟೇ ಇರುತ್ತದೆ. ಬೇಗ ಹೆಸರಿಟ್ಟು ಬಂದು ಬರೆಸಿರೆಂದು ಬಾಣಂತಿಯರ ಬೆನ್ನು ಹತ್ತುತ್ತಿದ್ದವರೇ ಚಾಚಾ. ಮನೆಯವರು ಹೆಸರು ಆರಿಸುವ ಕೆಲಸವನ್ನು ಅವರಿಗೇ ಬಿಟ್ಟರು. ತಿಂಗಳು ಕಳೆಯಿತು, ಎರಡಾಯಿತು. ನಾನು ಫೋನು ಮಾಡಿದೆ.

"ಚಾಚಾ, ನಿಮ್ಮ ಕೂಸು ಇನ್ನೂ ಕೂಸಂತನ ಐತಿ."

"ಇನ್ನೊಂದ ವಾರ ಕೊಡು ಬೇಟಿ. ಒಂದು ಹೆಸರು ಭಾಳ ಉದ್ದ. ಇನ್ನೊಂದಕ್ಕ ಇಂಗ್ಲಿಷಿನ್ಯಾಗ ಎಚ್ ಎಲ್ಲಿ ಹಾಕಬೇಕು ಗೊತ್ತಾಗವಲ್ದು."

ಹಿಂದಿನಿಂದ ಚಾಚಿಯ ದನಿ ಕೇಳಿತು: "ಮೂರೂ ಹೊತ್ತು ಹಾಳಿ ಪೆನ್ನು ಹಿಡಕೊಂಡ ಕುಂದರ್ತಾರ. ನಾ ಅಂತೂ ಮುನ್ನಿ ಅಂತ ಕರ್ಯಾಕ ಚಾಲೂ ಮಾಡೇನಿ."

ಕಳೆದ ಸೋಮವಾರ ನಾನೇ ಕೌಂಟರಿನಲ್ಲಿದ್ದಾಗ ಅವರು ಬಂದರು. ಬೇಡವೆಂದರೂ ಟೋಕನ್ ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗೊತ್ತಿಕೊಂಡು ಎಲ್ಲರೊಂದಿಗೆ ಸಾಲಿನಲ್ಲಿ ನಿಂತರು. ಕೌಂಟರಿನ ಮುಂದೆ ಬಂದಾಗ ಮೊದಲು ಮಗುವಿನ ನಂಬರು ಹೇಳಿದರು. ಆಮೇಲೆ, "ಆಯಿಶಾ ಅಂತ ಬರಿ" ಎಂದರು. "ನಮ್ಮವ್ವನ ಹೆಸರು."

ನಾನು ಟೈಪ್ ಮಾಡಿದೆ. ಪರದೆಯ ಮೇಲೆ ಒಂದರ ಕೆಳಗೊಂದು ಸಾಲುಗಳು ಇಳಿದವು. ಆಯಿಶಾ, ಆಯೇಶಾ, ಆಯಶಾ, ಐಶಾ. ದಾಂಡೇಲಿಯವರು, ಹಳಿಯಾಳದವರು, ಮುಂಡಗೋಡದವರು. ಬೆರಳಿನಿಂದ ಸರಿಸಿದಷ್ಟೂ ಮುಗಿಯಲಿಲ್ಲ. ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

"ಚಾಚಾ, ಈ ಹೆಸರಿನವರು ಭಾಳ ಮಂದಿ ಅದಾರಲ್ರಿ."

ಅವರು ಪರದೆಯನ್ನು ನೋಡಲೇ ಇಲ್ಲ. ಮಗುವಿನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸುತ್ತಿದ್ದರು.

"ಇರ್ಲಿ ಬೇಟಿ" ಎಂದರು. "ನಂಬರ ಬ್ಯಾರೆ ಐತಲ್ಲ."